ತಂತಿ ಎಳೆಯೋಕೆ ಮುಂಚೆ ಊರು ಯಾರದ್ದು ಅಂತ ಕೇಳ್ಬೇಕಿತ್ತು

ಎಲ್ರಿಗೂ ನಮಸ್ಕಾರ. ಮಕ್ರಾನ್ ಟೆಲಿಗ್ರಾಫ್ ಸರ್ವೆ ಬಗ್ಗೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ತುಂಬ ಜನ ಕೇಳಿದ್ರು, ಹಾಗಾಗಿ ಇದು ಹೆಚ್ಚುಕಮ್ಮಿ ಅವತ್ತು ಹೇಳಿದ್ದೇ, ಜನ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದೀನಿ. ಸ್ಲೈಡ್‌ನಲ್ಲಿ ತೋರಿಸಿದ ಮ್ಯಾಪ್ ಇಲ್ಲಿ ಇಲ್ಲ, ಸಾಧ್ಯ ಆದ್ರೆ ಫೋನಲ್ಲಿ ಕರಾಚಿಯಿಂದ ಪಶ್ಚಿಮಕ್ಕೆ ಇರೋ ಸಮುದ್ರ ದಂಡೆ ತೆಗೆದು ಪಕ್ಕದಲ್ಲಿ ಇಟ್ಕೊಳಿ, ಓದೋಕೆ ಸುಲಭ ಆಗತ್ತೆ.

ಕರಾಚಿಯಿಂದ ಹಾಗೇ ಎಡಕ್ಕೆ ಬನ್ನಿ. ಸೋನ್ಮಿಯಾನಿ, ಆಮೇಲೆ ಹಿಂಗೋಲ್ ನದಿ, ಓರ್ಮಾರಾ, ಪಸ್ನಿ, ಗ್ವಾದರ್, ಅಲ್ಲಿಂದ ಮುಂದೆ ಈಗ ಇರಾನ್, ಚಾಬಹಾರ್, ಜಾಸ್ಕ್. ಇಷ್ಟನ್ನೂ ಸೇರಿಸಿ ಮಕ್ರಾನ್ ಅಂತಾರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಗುಡ್ಡ, ಮಧ್ಯದಲ್ಲಿ ಮರಳು, ಉಪ್ಪು ಮಣ್ಣು, ಅಲ್ಲಲ್ಲಿ ಮೀನುಗಾರರ ಊರು. ಕ್ರಿಸ್ತಪೂರ್ವ 325ರಲ್ಲಿ ಅಲೆಕ್ಸಾಂಡರ್ ಸೈನ್ಯ ವಾಪಸ್ ಹೋಗ್ತಾ ನೀರಿಲ್ದೆ ಸತ್ತಿದ್ದು ಈ ಸೀಮೇಲೇ. ಇಂಥ ಜಾಗದಲ್ಲಿ 1860ರ ದಶಕದಲ್ಲಿ ಬ್ರಿಟಿಷರು ಟೆಲಿಗ್ರಾಫ್ ಕಂಬ ನೆಟ್ಟರು. ಯಾಕೆ ನೆಟ್ಟರು, ಅದಕ್ಕೂ ಮುಂಚೆ ಯಾರು ಹೋಗಿ ನೋಡ್ಕೊಂಡು ಬಂದ್ರು, ನೋಡಿ ಏನು ಬರ್ಕೊಂಡ್ರು, ಅದೇ ಇವತ್ತಿನ ವಿಷಯ.

ಯಾಕೆ ಅನ್ನೋದು ಬೇಗ ಮುಗಿಸ್ತೀನಿ, ಅದು ಸುಮಾರು ಜನಕ್ಕೆ ಗೊತ್ತಿರೋ ಕಥೆ. 1857ರ ಮೇ 10ಕ್ಕೆ ಮೀರತ್‌ನಲ್ಲಿ ಸಿಪಾಯಿಗಳು ಎದ್ದರು, ಲಂಡನ್‌ಗೆ ಸುದ್ದಿ ಮುಟ್ಟೋ ಹೊತ್ತಿಗೆ ಜೂನ್ ಕೊನೆ. ಇಂಡಿಯಾ ಒಳಗೆ ತಂತಿ ಇತ್ತು, ಯುರೋಪ್‌ನಲ್ಲೂ ಇತ್ತು, ಮಧ್ಯದಲ್ಲಿ ಇರಲಿಲ್ಲ, ಹಡಗಲ್ಲೇ ಬರ್ಬೇಕು. ಹಾಗಾಗಿ ಮೊದಲು ಸಮುದ್ರದ ಕೆಳಗೆ ಹಾಕೋಣ ಅಂತ 1859-60ರಲ್ಲಿ ಸುಯೆಜ್‌ನಿಂದ ಏಡನ್, ಏಡನ್‌ನಿಂದ ಕರಾಚಿ ಅಂತ ಕೇಬಲ್ ಹಾಕಿದ್ರು, ಸುಮಾರು 8 ಲಕ್ಷ ಪೌಂಡ್ ಖರ್ಚಾಯ್ತು, ಈ ತುದಿಯಿಂದ ಆ ತುದಿಗೆ ಒಂದೇ ಒಂದು ಮೆಸೇಜ್ ಸರಿಯಾಗಿ ಹೋಗಲಿಲ್ಲ. ಕೇಬಲ್ಲನ್ನ ತೀರಾ ಬಿಗಿಯಾಗಿ ಎಳೆದು ಹಾಕಿದ್ರಂತೆ, ಸಮುದ್ರದ ತಳದ ಗುಡ್ಡಗಳ ಮಧ್ಯೆ ಜೋತುಬಿದ್ದು, ಮೇಲೆ ಚಿಪ್ಪುಹುಳ ಬೆಳೆದು ಭಾರ ಆಗಿ, ತುಂಡು ತುಂಡಾಯ್ತು. ತಮಾಷೆ ಏನಂದ್ರೆ ಸರ್ಕಾರ ಆ ಕಂಪನಿಗೆ 50 ವರ್ಷ ನಾಲ್ಕೂವರೆ ಪರ್ಸೆಂಟ್ ಬಡ್ಡಿ ಗ್ಯಾರಂಟಿ ಕೊಟ್ಟಿತ್ತು, ಕೇಬಲ್ ಸತ್ತರೂ ಬಡ್ಡಿ ಸಾಯಲಿಲ್ಲ. ಅದಾದ್ಮೇಲೆ ಸಮುದ್ರ ಬೇಡಪ್ಪಾ, ಆದಷ್ಟು ನೆಲದ ಮೇಲೇ ಹೋಗೋಣ ಅಂತ ಮನಸ್ಸು ತಿರುಗ್ತು.

ನೆಲದ ಮೇಲೆ ಅಂದ್ರೆ ಮಕ್ರಾನ್. ನೋಡ್ಕೊಂಡು ಬರೋಕೆ 1861ರ ಡಿಸೆಂಬರ್‌ನಲ್ಲಿ ಕರಾಚಿಯಿಂದ ಹೊರಟವನು ಫ್ರೆಡರಿಕ್ ಗೋಲ್ಡ್‌ಸ್ಮಿಡ್. ಹುಟ್ಟಿದ್ದು 1818ರಲ್ಲಿ ಇಟಲಿಯ ಮಿಲಾನ್‌ನಲ್ಲಿ, ಕೆಲಸಕ್ಕೆ ಸೇರಿದ್ದು ಮದ್ರಾಸ್ ಸೈನ್ಯಕ್ಕೆ, ಚೀನಾ ಯುದ್ಧಕ್ಕೂ ಹೋಗಿ ಬಂದಿದ್ದ. ಆದ್ರೆ ಇವನನ್ನ ಕಳಿಸಿದ್ದು ಅದಕ್ಕಲ್ಲ, ಭಾಷೆಗೆ. ಹಿಂದುಸ್ತಾನಿ, ಫಾರ್ಸಿ, ಅರಬ್ಬಿ, ತುರ್ಕಿ ಎಲ್ಲ ಬರ್ತಿತ್ತು. ಜೊತೆಗೆ ಸಿಂಧ್‌ನಲ್ಲಿ ಜಹಗೀರ್‌ದಾರರ ಹಕ್ಕಿನ ತಕರಾರು ಬಗೆಹರಿಸೋ ಕೆಲಸ ಮಾಡಿದ್ದ, ಈ ಭೂಮಿ ನಮ್ಮಜ್ಜಂಗೆ ಯಾವ ಮೀರ್ (ಸಿಂಧ್‌ನ ಹಳೇ ದೊರೆ) ಕೊಟ್ಟಿದ್ದು, ಸನದು ಅಂದ್ರೆ ಕೊಟ್ಟಿದ್ದಕ್ಕೆ ಪತ್ರ ಎಲ್ಲಿ, ಸಾಕ್ಷಿ ಯಾರು, ಇಂಥ ಪಂಚಾಯ್ತಿಗಳು. ಗಮನಿಸಿ, ಟೆಲಿಗ್ರಾಫ್ ರೂಟ್ ಸರ್ವೆಗೆ ಕಳಿಸಿದ ಮನುಷ್ಯ ಎಂಜಿನಿಯರ್ ಅಲ್ಲ. ಜಮೀನು ತಕರಾರು ಗೊತ್ತಿದ್ದ, ಫಾರ್ಸಿ ಮಾತಾಡೋ ಮಿಲಿಟರಿ ಆಫೀಸರ್. ನನಗೆ ಈ ಇಡೀ ಕಥೆಯಲ್ಲಿ ಆಸಕ್ತಿ ಹುಟ್ಟಿದ್ದೇ ಇಲ್ಲಿ.

ಇಲ್ಲೊಂದು ಅಡ್ಡ ಮಾತು, ಧಾರವಾಡ ಬೆಳಗಾವಿ ಕಡೆಯವರಿಗೆ. ಗೋಲ್ಡ್‌ಸ್ಮಿಡ್ ಅಂದ ಕೂಡಲೇ ನಮ್ಮಲ್ಲಿ ಹಳೇ ಕಂದಾಯ ದಾಖಲೆ ನೋಡಿದವರು ಕಿವಿ ನೆಟ್ಟಗೆ ಮಾಡ್ತಾರೆ, ಯಾಕಂದ್ರೆ ಬಾಂಬೆ ಪ್ರೆಸಿಡೆನ್ಸಿಯ ರೆವೆನ್ಯೂ ಸರ್ವೆ ಶುರು ಮಾಡಿದ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಜೋಡಿ ಇದ್ಯಲ್ಲ, ಆ ಗೋಲ್ಡ್‌ಸ್ಮಿಡ್ ಬೇರೆ, ಅವನು ಹೆನ್ರಿ ಎಡ್ವರ್ಡ್, ಸಿವಿಲ್ ಸರ್ವಿಸ್‌ನವನು, 1855ಕ್ಕೇ ತೀರ್ಕೊಂಡ. ವಿಂಗೇಟ್ 1840ರ ದಶಕದಲ್ಲಿ ಧಾರವಾಡ ಸೀಮೆ ಅಳೆಸಿದಾಗ ಬಳಸಿದ್ದು ಇವರಿಬ್ಬರೂ ಸೇರಿ ಕಟ್ಟಿದ ಪದ್ಧತಿನೇ. ಆ ಸರ್ವೆಯಲ್ಲಿ ಕೇಳೋ ಪ್ರಶ್ನೆ, ಈ ಹೊಲ ಎಷ್ಟು ಎಕರೆ, ಮಣ್ಣು ಎಂಥದ್ದು, ಎಷ್ಟು ತೆರಿಗೆ ಹಾಕ್ಬೋದು. ಮಕ್ರಾನ್‌ಗೆ ಹೋದ ಗೋಲ್ಡ್‌ಸ್ಮಿಡ್ ಕೇಳ್ಬೇಕಾಗಿದ್ದ ಪ್ರಶ್ನೆ ಪೂರ್ತಿ ತಿರುಗುಮುರುಗು. ಅಲ್ಲಿ ಮಣ್ಣು ಯಾರಿಗೂ ಬೇಡ. ಬಾವಿ ಯಾರದ್ದು, ದಾರಿ ಯಾರದ್ದು, ನಾವೇ ಯಾರಿಗೆ ದುಡ್ಡು ಕೊಟ್ರೆ ಕಂಬ ನಿಲ್ಲತ್ತೆ.

ಸರಿ, ದಾರಿಗೆ ಬರೋಣ. ಕರಾಚಿಯಿಂದ ಗ್ವಾದರ್‌ಗೆ ಹತ್ತಿರಹತ್ತಿರ 400 ಮೈಲಿ. ಒಂಟೆ ಮೇಲೆ ಸಾಮಾನು ಹೇರ್ಕೊಂಡು ಹೋಗೋ ಗುಂಪು ಗಂಟೆಗೆ ಎರಡೂವರೆ ಮೈಲಿ ಹೋದ್ರೆ ದೊಡ್ಡದು. ಆ ಕಾಲದಲ್ಲಿ ಈ ಥರ ರೂಟ್ ಸರ್ವೆ ಮಾಡೋ ರೀತಿ ಹೇಗಿತ್ತು ಅಂದ್ರೆ, ಕೈಯಲ್ಲಿ ದಿಕ್ಸೂಚಿ, ಜೇಬಲ್ಲಿ ಗಡಿಯಾರ, ಈ ಗುಡ್ಡದ ಮೂಲೆಯಿಂದ ಆ ನಾಲೆವರೆಗೆ ಇಷ್ಟು ಡಿಗ್ರಿ ದಿಕ್ಕು ಇಷ್ಟು ನಿಮಿಷ ನಡಿಗೆ ಅಂತ ನೋಟ್ ಮಾಡ್ಕೊಂಡು ಹೋಗೋದು, ಸಂಜೆ ಕ್ಯಾಂಪಲ್ಲಿ ಅದನ್ನೆಲ್ಲ ಗೆರೆಯಾಗಿ ಎಳೆಯೋದು, ರಾತ್ರಿ ಆಕಾಶ ಸ್ವಚ್ಛ ಇದ್ರೆ ಸೆಕ್ಸ್‌ಟೆಂಟ್ ಅನ್ನೋ ಕೋನ ಅಳೆಯೋ ಸಲಕರಣೆಯಲ್ಲಿ ನಕ್ಷತ್ರ ಹಿಡಿದು ಅಕ್ಷಾಂಶ ತೆಗೆಯೋದು. ಎತ್ತರ ಬೇಕಾದ್ರೆ ನೀರು ಕುದಿಸಿ ಎಷ್ಟು ಡಿಗ್ರಿಗೆ ಕುದೀತು ಅಂತ ಥರ್ಮಾಮೀಟರ್ ನೋಡೋದು. ಅಕ್ಷಾಂಶ ಪರವಾಗಿಲ್ಲ, ರೇಖಾಂಶನೇ ತಲೆನೋವು, ಅದಕ್ಕೆ ಕರಾರುವಾಕ್ಕಾದ ಗಡಿಯಾರ ಬೇಕು, ಗಡಿಯಾರ 4 ಸೆಕೆಂಡ್ ತಪ್ಪಿದ್ರೆ ನಕ್ಷೆಯಲ್ಲಿ ಊರು ಸುಮಾರು ಒಂದು ಮೈಲಿ ಆಚೀಚೆ. ಒಂಟೆ ಬೆನ್ನ ಮೇಲೆ ದಿನಗಟ್ಟಲೆ ಕುಲುಕಾಡಿದ ಗಡಿಯಾರ ಎಷ್ಟು ಸರಿ ಇರತ್ತೆ ಅಂತ ನೀವೇ ಹೇಳಿ. ಚೆಂದ ಏನು ಅಂದ್ರೆ ಮುಂದೆ ಈ ಸಮಸ್ಯೆ ಬಗೆಹರಿಸಿದ್ದು ಅದೇ ತಂತಿ. ಎರಡು ಊರಿಗೆ ತಂತಿ ಬಂದ ಮೇಲೆ ಅಲ್ಲಿಂದ ಇಲ್ಲಿಗೆ ಟಕ್ ಅಂತ ಸಿಗ್ನಲ್ ಕಳಿಸಿ ಎರಡೂ ಕಡೆ ಸ್ಥಳೀಯ ಸಮಯ ಹೋಲಿಸಿದ್ರೆ ಆಯ್ತು, ರೇಖಾಂಶ ಸಿಕ್ತು. 1874ರಲ್ಲಿ ಶುಕ್ರ ಸಂಕ್ರಮಣ, ಅಂದ್ರೆ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗೋದನ್ನ ನೋಡೋಕೆ ಜರ್ಮನ್ ಖಗೋಳ ಶಾಸ್ತ್ರಜ್ಞರು ಇಸ್ಫಹಾನ್‌ಗೆ ಬಂದಿದ್ರು, ಆ ಸುಮಾರಿಗೆ ಪರ್ಷಿಯಾದ (ಈಗಿನ ಇರಾನ್) ಊರುಗಳ ಜಾಗ ಹೀಗೇ ತಂತಿ ಮೂಲಕ ಗಟ್ಟಿ ಆಯ್ತು.

ನೀರಿನ ವಿಷಯಕ್ಕೆ ಬರೋಣ. ಅಲ್ಲಿ ದೊಡ್ಡ ಬಾವಿ ಅಂತೇನಿಲ್ಲ, ಮರಳು ತೋಡಿದ್ರೆ ಒಂದೆರಡು ಆಳು ಕೆಳಗೆ ನೀರು ಬರತ್ತೆ, ಅದರಲ್ಲೂ ಅರ್ಧ ಉಪ್ಪು. ಮಳೆ ಬಂದಾಗ ಹಳ್ಳಗಳು ಒಂದೇ ಸಲ ಉಕ್ಕಿ ಹರಿದು ಮಾರನೇ ದಿನ ಒಣಗ್ತವೆ. ಸರ್ವೆ ಮಾಡೋನು ಅದಕ್ಕೇ ಎರಡು ಲೆಕ್ಕ ಇಡ್ಬೇಕು, ಇಲ್ಲಿ ಕುಡಿಯೋಕೆ ನೀರಿದ್ಯಾ ಅನ್ನೋದು ಒಂದು, ಮಳೆಗಾಲದಲ್ಲಿ ಇದೇ ನೀರು ಕಂಬ ಕಿತ್ಕೊಂಡು ಹೋಗತ್ತಾ ಅನ್ನೋದು ಇನ್ನೊಂದು. ಮರುಭೂಮಿಯಲ್ಲಿ ಪ್ರವಾಹದ ಲೆಕ್ಕ ಹಾಕ್ಬೇಕು ಅನ್ನೋದು ವಿಚಿತ್ರ ಅನ್ಸಬೋದು ಆದ್ರೆ ಅಲ್ಲಿ ಕೆಲಸ ಮಾಡಿದವರಿಗೆ ಅದೇ ದೊಡ್ಡ ಭಯ.

ಆದ್ರೂ ಆ ದಾರೀಲಿ ಜನ ಓಡಾಡ್ತಿದ್ರು, ಯಾರು ಗೊತ್ತಾ, ಹಿಂಗ್ಲಾಜ್ ಯಾತ್ರಿಕರು. ಹಿಂಗೋಲ್ ನದಿ ಕಣಿವೆಯಲ್ಲಿ ಹಿಂಗ್ಲಾಜ್ ಮಾತೆ ಗುಹೆ ಇದೆ, ಹತ್ತಿರದಲ್ಲೇ ಮಣ್ಣು ಬುಳುಬುಳು ಅಂತ ಉಕ್ಕೋ ಚಂದ್ರಗುಪ್ ಇದೆ. ನಮ್ಮ ಕಡೆ ಭಾವಸಾರ ಕ್ಷತ್ರಿಯರ ಕುಲದೇವತೆ ಹಿಂಗುಲಾಂಬಿಕೆ ಅಂದ್ರೆ ಇವಳೇ, ಹುಬ್ಬಳ್ಳಿ ದಾವಣಗೆರೆ ಕಲಬುರಗಿ ಕಡೆ ಇವಳ ಹೆಸರು ಕೇಳದೇ ಇರೋರು ಕಮ್ಮಿ. ಮೂಲ ಸ್ಥಾನ ಇರೋದು ಈ ಟೆಲಿಗ್ರಾಫ್ ದಾರಿ ಪಕ್ಕದಲ್ಲಿ! ಇದನ್ನ ಹೇಳಿದಾಗ ಹಿಂದೆ ಕೂತಿದ್ದ ಒಬ್ಬರು ಎದ್ದು ನಮ್ಮ ಮನೆ ದೇವ್ರು ಸರ್ ಅಂದ್ರು, ಖುಷಿ ಆಯ್ತು. ಶತಮಾನಗಳಿಂದ ಯಾತ್ರಿಕರು ಸೋನ್ಮಿಯಾನಿ ಮೇಲೆ ನಡ್ಕೊಂಡು ಹೋಗ್ತಿದ್ರು ಅಂದ್ರೆ ಯಾವ ತಂಗುದಾಣದಲ್ಲಿ ನೀರಿದೆ, ಯಾವ ಗುಡ್ಡ ಯಾವ ಕಡೆಯಿಂದ ಹತ್ತಬೇಕು ಅಂತ ಗೊತ್ತಿದ್ದ ದಾರಿ ಅಲ್ಲಿವರೆಗಾದ್ರೂ ಇತ್ತು ಅಂತ ಅರ್ಥ. ಸರ್ವೆ ಅಂದ ಕೂಡಲೇ ಯಾರೂ ಕಾಣದ ನೆಲ ಕಂಡುಹಿಡಿದ ಥರ ಬರೆಯೋರು ಇದಾರೆ, ನನಗೆ ಅದು ಹಿಡಿಸಲ್ಲ.

ಊರುಗಳು ಹೇಗಿದ್ವು? ಓರ್ಮಾರಾ ಮತ್ತೆ ಗ್ವಾದರ್ ಎರಡೂ ಒಂದೇ ಥರ, ಸಮುದ್ರದೊಳಕ್ಕೆ ಚಾಚಿದ ಬಂಡೆಗುಡ್ಡ, ಸುತ್ತಿಗೆ ಆಕಾರ, ಅದನ್ನ ನೆಲಕ್ಕೆ ಸೇರಿಸೋ ಮರಳಿನ ಕತ್ತು, ಆ ಕತ್ತಿನ ಮೇಲೆ ಊರು. ಎರಡೂ ಕಡೆ ಕೊಲ್ಲಿ, ಗಾಳಿ ಯಾವ ಕಡೆಯಿಂದ ಬಂದ್ರೂ ದೋಣಿಗೆ ಒಂದು ಕಡೆ ಆಸರೆ. ಮನೆಗಳು ಜಾಸ್ತಿ ಚಾಪೆ ಮನೆ. ಮೀನು ಹಿಡಿಯೋರು ಮೇದ್ ಜನ, ವ್ಯಾಪಾರ ಹಿಂದೂ ಮತ್ತೆ ಖೋಜಾ ವರ್ತಕರ ಕೈಲಿ, ಮೀನು ಒಣಗಿಸಿ ಉಪ್ಪು ಹಾಕಿ ಹಡಗಲ್ಲಿ ಆಚೆ ಕಳಿಸೋದು. ದನ ಒಂಟೆಗೂ ಒಣಮೀನೇ ಮೇವು, ಅಲೆಕ್ಸಾಂಡರ್ ಕಾಲದ ಗ್ರೀಕರು ಈ ಜನರನ್ನ ಮೀನು ತಿನ್ನೋರು ಅಂತಲೇ ಕರೆದಿದ್ರು. ಟೆಲಿಗ್ರಾಫ್ ದೃಷ್ಟಿಯಿಂದ ನೋಡಿದ್ರೆ ಈ ಊರುಗಳು ಬೇಕಾಗಿದ್ದು ಮೂರ್ನಾಲ್ಕು ಕಾರಣಕ್ಕೆ, ಹಡಗಿಂದ ತಂತಿ ಕಂಬ ಇಳಿಸೋಕೆ ಜಾಗ, ಆಫೀಸಲ್ಲಿ ಇರೋ ಗುಮಾಸ್ತರಿಗೆ ನೀರು ಅನ್ನ, ಲೈನ್ ಕಾಯೋಕೆ ಸ್ಥಳೀಯ ಒಂಟೆ ಸವಾರರು, ಮತ್ತೆ ಏನಾದ್ರೂ ಆದ್ರೆ ಓಡಿಹೋಗೋಕೆ ಸಮುದ್ರ. ಮರ ಅನ್ನೋದೇ ಇಲ್ದಿರೋ ನೆಲ, ಕಂಬ ಪ್ರತಿಯೊಂದೂ ಹೊರಗಿಂದ ಬರ್ಬೇಕು, ಅಂದ್ಮೇಲೆ ಲೈನ್ ಸಮುದ್ರ ಬಿಟ್ಟು ತುಂಬ ಒಳಗೆ ಹೋಗೋ ಹಾಗಿಲ್ಲ. ಸಮುದ್ರದ ಪಕ್ಕ ಹೋದ್ರೆ ಇನ್ನೊಂದು ಕಾಟ, ರಾತ್ರಿ ಉಪ್ಪಿನ ಇಬ್ಬನಿ ಕಂಬದ ಮೇಲೆ ತಂತಿ ಹಿಡಿಯೋ ಪಿಂಗಾಣಿ ಬಟ್ಟಲಿನ ಮೇಲೆ ಕೂತು ಕರೆಂಟ್ ಸೋರತ್ತೆ. ಎರಡರಲ್ಲಿ ಒಂದು ಅನುಭವಿಸ್ಲೇಬೇಕು.

ಈಗ ಮುಖ್ಯ ಪ್ರಶ್ನೆ, ಈ ಊರುಗಳು ಯಾರದ್ದು. ಕರಾಚಿ ದಾಟಿದ ಕೂಡ್ಲೇ ಲಸ್ಬೇಲಾ, ಅಲ್ಲಿ ಜಾಮ್ ಮೀರ್ ಖಾನ್, ಜಾಮ್ ಅನ್ನೋದು ಅಲ್ಲಿನ ಅರಸನ ಬಿರುದು. ಜಾಮ್ ಮೇಲೆ ಬಲೂಚಿಸ್ತಾನದ ಕಲಾತ್ ರಾಜ್ಯದ ದೊರೆ ಖಾನ್, ಹೆಸರು ಖುದಾದಾದ್ ಖಾನ್, ಆದ್ರೆ ಜಾಮ್ ಅದನ್ನ ಬೇಕಾದಾಗ ಒಪ್ತಾನೆ ಬೇಡದಾಗ ಇಲ್ಲ. ಮುಂದೆ ಮಕ್ರಾನ್ ಒಳನಾಡು ಕೇಚ್, ಅಲ್ಲಿ ಖಾನ್ ಪರವಾಗಿ ನಾಯಬ್, ಅಂದ್ರೆ ಪ್ರತಿನಿಧಿ, ಫಕೀರ್ ಮುಹಮ್ಮದ್ ಬಿಜೆಂಜೋ. ಗ್ವಾದರ್‌ಗೆ ಬಂದ್ರೆ ಅದು ಸಮುದ್ರದಾಚೆ ಇರೋ ಮಸ್ಕತ್ ಸುಲ್ತಾನನದ್ದು, 1783ರಲ್ಲಿ ಕಲಾತ್ ಖಾನ್ ಆಶ್ರಯ ಕೇಳಿ ಬಂದ ಒಬ್ಬ ಒಮಾನಿ ರಾಜಕುಮಾರನಿಗೆ ಗ್ವಾದರ್ ಕೊಟ್ಟಿದ್ದ, ಬಿಟ್ಟುಕೊಟ್ಟಿದ್ದಾ ಅಥವಾ ಅನುಭವಿಸ್ಕೊಂಡು ಇರು ಅಂದಿದ್ದಾ ಅನ್ನೋದು ಮುಂದೆ ನೂರಕ್ಕೂ ಹೆಚ್ಚು ವರ್ಷದ ಜಗಳ. ಇನ್ನೂ ಪಶ್ಚಿಮಕ್ಕೆ ಹೋದ್ರೆ ಚಾಬಹಾರ್, ಅದೂ ಮಸ್ಕತ್ ಕೈಲಿ, ಆದ್ರೆ ಟೆಹರಾನ್‌ನಲ್ಲಿ ಕೂತಿರೋ ಪರ್ಷಿಯಾ ದೊರೆ ಷಾ ಈ ಇಡೀ ದಂಡೆ ನಂದು ಅಂತಾನೆ, ಬಮ್ ಅನ್ನೋ ಊರಿನ ಇಬ್ರಾಹಿಂ ಖಾನ್ ಅನ್ನೋನು ಷಾ ಹೆಸರಲ್ಲಿ ಸೈನ್ಯ ತಗೊಂಡು ಬಲೂಚಿ ಸರದಾರರ ಹತ್ರ ತೆರಿಗೆ ವಸೂಲಿ ಮಾಡ್ತಿದ್ದ. ಸರದಾರರು ಏನು ಮಾಡ್ತಿದ್ರು ಅಂದ್ರೆ ಸೈನ್ಯ ಬಂದ ವರ್ಷ ಕೊಡೋದು, ಬರದ ವರ್ಷ ಕೊಡಲ್ಲ. ಇದು ಅವ್ಯವಸ್ಥೆ ಅಂತ ಬ್ರಿಟಿಷರು ಬರೆದ್ರು. ನನ್ನ ಪ್ರಕಾರ ಅದು ಆ ನೆಲಕ್ಕೆ ಒಗ್ಗೋ ಒಂದು ವ್ಯವಸ್ಥೆನೇ, ಮಳೆ ಬಂದಾಗ ಬೆಳೆಯೋ ಜಾಗದಲ್ಲಿ ತೆರಿಗೆನೂ ಹಂಗೇ ಇರತ್ತೆ.

ಆದ್ರೆ ಟೆಲಿಗ್ರಾಫ್‌ಗೆ ಇದು ಆಗಿಬರಲ್ಲ. ಯಾಕಂದ್ರೆ ಕಂಬ ವರ್ಷದ 365 ದಿನ ಒಂದೇ ಜಾಗದಲ್ಲಿ ನಿಂತಿರತ್ತೆ, ಅದನ್ನ ಯಾರಾದ್ರೂ ಕಿತ್ರೆ ಯಾರನ್ನ ಕೇಳೋದು ಅಂತ ಒಂದು ಹೆಸರು ಬೇಕು. ವರ್ಷ ವರ್ಷ ದುಡ್ಡು ಕೊಡೋಕೂ ಒಂದು ಹೆಸರು ಬೇಕು. ಗೋಲ್ಡ್‌ಸ್ಮಿಡ್ ಮಾಡಿದ ಸರ್ವೆಯ ನಿಜವಾದ ಫಲ ನಕ್ಷೆಗಿಂತ ಹೆಚ್ಚಾಗಿ ಹೆಸರುಗಳ ಪಟ್ಟಿ ಅಂತ ನಾನು ಹೇಳ್ತೀನಿ. ಲಸ್ಬೇಲಾ ಜಾಮ್ ಜೊತೆ ಕರಾರು, ಕೇಚ್ ನಾಯಬ್ ಜೊತೆ ಕರಾರು, ಕಲಾತ್ ಖಾನ್ ಜೊತೆ ಕರಾರು, ಆಮೇಲೆ 1864-65ರಲ್ಲಿ ಮಸ್ಕತ್ ಸುಲ್ತಾನನ ಜೊತೆ ಕರಾರು. ನಿನ್ನ ಗಡಿಯೊಳಗೆ ತಂತಿ ಕಾಯಿ, ವರ್ಷಕ್ಕೆ ಇಷ್ಟು ರೂಪಾಯಿ ತಗೋ. ಹಿಂದೆ ಸೈನ್ಯ ಬಂದ್ರೆ ಕೊಡೋ ಊರು ಅಂತಿದ್ದಿದ್ದು ಈಗ ಟೆಲಿಗ್ರಾಫ್ ದುಡ್ಡು ಬರೋ ಊರು ಆಯ್ತು, ಯಾವ ಸರದಾರನ ಹೆಸರು ಪಟ್ಟಿಯಲ್ಲಿ ಬಂತೋ ಅವನು ದೊಡ್ಡೋನಾದ, ಬರದೇ ಇದ್ದೋನು ಮುನಿಸ್ಕೊಂಡ.

1862ರ ಶುರುವಲ್ಲಿ ಗೋಲ್ಡ್‌ಸ್ಮಿಡ್ ಗ್ವಾದರ್ ಮುಟ್ಟಿದ, ಗ್ವಾದರ್‌ವರೆಗೆ ಕಂಬ ನೆಡಬೋದು ಅಂತ ಆಯ್ತು. ಅಲ್ಲಿಂದ ಮುಂದೆ? ಮುಂದೆ ಕೂಡ ಹೆಚ್ಚುಕಮ್ಮಿ ಅದೇ ಮರಳು, ಅದೇ ಮೀನು, ಅದೇ ಬಲೂಚಿ ಜನ. ನೆಲದಲ್ಲಿ ಏನೂ ವ್ಯತ್ಯಾಸ ಇಲ್ಲ. ಆದ್ರೂ ತಂತಿ ಗ್ವಾದರ್‌ನಲ್ಲಿ ಸಮುದ್ರಕ್ಕೆ ಇಳೀತು. ಕಾರಣ ಪರ್ಷಿಯಾದ ದಾವೆ. ಪಶ್ಚಿಮದಲ್ಲಿ ಯಾರಿಗೆ ದುಡ್ಡು ಕೊಟ್ರೂ ಇನ್ನೊಬ್ಬ ಬಂದು ನನ್ನ ನೆಲದಲ್ಲಿ ನನ್ನ ಕೇಳದೇ ಅಂತಾನೆ, ಅದಕ್ಕಿಂತ ಮೀನಿನ ಮಧ್ಯ ಹಾಕೋದು ವಾಸಿ. ಎಂಜಿನಿಯರಿಂಗ್ ಪುಸ್ತಕದಲ್ಲಿ ಗ್ವಾದರ್ ಕೇಬಲ್ ಸ್ಟೇಷನ್ ಅಂತ ನೋಡಿದಾಗ ಅಲ್ಲಿ ಬಂದರು ಚೆನ್ನಾಗಿದೆ ಅದಕ್ಕೆ ಅಂದ್ಕೋತೀವಿ, ಬಂದರೂ ಚೆನ್ನಾಗೇ ಇದೆ, ಆದ್ರೆ ಮೊದಲ ಕಾರಣ ಅದಲ್ಲ.

ಸಮುದ್ರದ ಭಾಗ ದೊಡ್ಡ ಕಥೆ, ಇವತ್ತಿನ ವಿಷಯ ಅದಲ್ಲ, ಸ್ವಲ್ಪದರಲ್ಲಿ ಹೇಳ್ತೀನಿ. ಪ್ಯಾಟ್ರಿಕ್ ಸ್ಟೀವರ್ಟ್ ಅನ್ನೋ ಬಂಗಾಳದ ಮಿಲಿಟರಿ ಎಂಜಿನಿಯರ್ ಇಡೀ ಕೆಲಸದ ಮುಖ್ಯಸ್ಥ, ಚಾರ್ಲ್ಸ್ ಬ್ರೈಟ್ ಕೇಬಲ್ ಎಂಜಿನಿಯರ್. ಇಂಗ್ಲೆಂಡಲ್ಲಿ ಮಾಡಿದ 1200ಕ್ಕೂ ಹೆಚ್ಚು ಮೈಲಿ ಕೇಬಲ್ ಐದು ಹಾಯಿಹಡಗಲ್ಲಿ ಆಫ್ರಿಕಾ ಸುತ್ಕೊಂಡು ಬಂತು, 1864ರ ಫೆಬ್ರವರಿಯಲ್ಲಿ ಗ್ವಾದರ್‌ನಿಂದ ಹಾಕೋಕೆ ಶುರು, ಮುಸಂದಂ, ಬೂಷೆಹರ್, ಕೊನೆಗೆ ಏಪ್ರಿಲ್‌ನಲ್ಲಿ ಷತ್ತಲ್ ಅರಬ್ ನದಿ ಸಮುದ್ರ ಸೇರೋ ಕಡೆ ಇರೋ ಫಾವ್. ಅಲ್ಲಿ ದಂಡೆ ಅಂದ್ರೆ ಮೈಲಿಗಟ್ಟಲೆ ಕೆಸರು, ದೋಣಿ ಬರಲ್ಲ, ನಿಲ್ಲೋಕೂ ಆಗಲ್ಲ, ಬ್ರೈಟ್ ತಾನೇ ಕೆಸರಿಗೆ ಇಳಿದು ಆಳುಗಳ ಜೊತೆ ಕೇಬಲ್ ಎಳೆದ. ಅದೇ ವರ್ಷ ಗ್ವಾದರ್‌ನಿಂದ ಕರಾಚಿಗೂ ಒಂದು ಕೇಬಲ್ ಹಾಕಿಬಿಟ್ರು, ಅಷ್ಟೆಲ್ಲ ಓಡಾಡಿ ಕರಾರು ಮಾಡಿ ನೆಟ್ಟ ಕಂಬದ ಲೈನ್ ಪಕ್ಕದಲ್ಲೇ! ಎಷ್ಟು ನಂಬಿಕೆ ಇತ್ತು ಅಂತ ಇದರಲ್ಲೇ ಗೊತ್ತಾಗತ್ತೆ. ತುರ್ಕಿಯವರ ಬಾಗ್ದಾದ್ ಲೈನ್ ಫಾವ್‌ಗೆ ಬಂದು ಸೇರಿದ್ದು 1865ರ ಜನವರಿ, ಅದೇ ತಿಂಗಳು ಸ್ಟೀವರ್ಟ್ ಕಾನ್ಸ್‌ಟಾಂಟಿನೋಪಲ್‌ನಲ್ಲಿ ತೀರ್ಕೊಂಡ, ಮೂವತ್ತರ ಆಚೆಈಚೆ ವಯಸ್ಸು. ಅವನ ಜಾಗಕ್ಕೆ ಗೋಲ್ಡ್‌ಸ್ಮಿಡ್ ಬಂದ.

ಇನ್ನು ಪರ್ಷಿಯಾ ಒಳಗಿನ ಊರುಗಳು. 1863ರಲ್ಲಿ ಷಾ ಸರ್ಕಾರದ ಜೊತೆ ಒಪ್ಪಂದ ಆಗಿ ಖಾನಕೀನ್‌ನಿಂದ ಕೆರ್ಮಾನ್‌ಷಾ, ಹಮದಾನ್, ಟೆಹರಾನ್, ಅಲ್ಲಿಂದ ದಕ್ಷಿಣಕ್ಕೆ ಇಸ್ಫಹಾನ್, ಷಿರಾಜ್, ಬೂಷೆಹರ್ ಅಂತ ಲೈನ್. ನೋಡ್ಕೊಂಡಿದ್ದು ಬೇಟ್‌ಮನ್ ಚಾಂಪೇನ್, ಜೊತೆಗೆ ಆಲಿವರ್ ಸೇಂಟ್ ಜಾನ್. ಇಲ್ಲಿ ಊರು ಅಂದ್ರೆ ಚಾಪೆ ಮನೆ ಅಲ್ಲ, ಸಾವಿರಾರು ವರ್ಷದ ಪಟ್ಟಣಗಳು, ಉಪ್ಪಿನ ಮರುಭೂಮಿ ಅಂಚಲ್ಲಿ ಕೂತಿರೋ ಕೋಮ್, ಕಾಷಾನ್ ಥರದ್ದು. ಇವುಗಳ ನೀರು ಕನಾತ್‌ನಿಂದ, ಅಂದ್ರೆ ಗುಡ್ಡದ ಬುಡದಲ್ಲಿ ನೀರು ಹಿಡಿದು ಮೈಲಿಗಟ್ಟಲೆ ನೆಲದಡಿ ಸುರಂಗದಲ್ಲಿ ಊರಿಗೆ ತರೋದು, ಮೇಲೆ ಸಾಲಾಗಿ ಬಾವಿ ಬಾಯಿಗಳು. ನಮ್ಮ ಬೀದರ್‌ನಲ್ಲಿ ಸುರಂಗ ಬಾವಿ ಅಂತ ಇರೋದು ಇದೇ ತಂತ್ರ, ಬಹಮನಿಗಳ ಕಾಲದಲ್ಲಿ ಪರ್ಷಿಯಾ ಕಡೆಯಿಂದ ಬಂದದ್ದು, ನೋಡಿಲ್ದೇ ಇರೋರು ಹೋಗಿ ನೋಡಿ. ದಾರಿ, ಊರು, ಛತ್ರ ಎಲ್ಲ ನೀರು ಬರೋ ಕಡೆನೇ ಇರೋದ್ರಿಂದ ತಂತಿನೂ ಸೀದಾ ಗೆರೆ ಬಿಟ್ಟು ಕಾರವಾನ್ ದಾರಿ ಹಿಡೀತು. ಮರುಭೂಮಿ ಅಡ್ಡಕ್ಕೆ ಹೋದ್ರೆ ಮೈಲಿ ಉಳಿಯತ್ತೆ, ಆದ್ರೆ ತಂತಿ ಹರಿದ ದಿನ ರಿಪೇರಿಗೆ ಹೋಗೋನು ಎಲ್ಲಿ ನೀರು ಕುಡೀತಾನೆ.

ಪರ್ಷಿಯಾದಲ್ಲಿ ಅಲೆಮಾರಿ ಸವಾರರು ಪಿಂಗಾಣಿ ಬಟ್ಟಲಿಗೆ ಗುರಿ ಇಟ್ಟು ಗುಂಡು ಹೊಡೆಯೋದು ಒಂದು ಆಟ ಆಗಿತ್ತು. ಅದು ಒಂದು ಮುಖ. ಇನ್ನೊಂದು ಮುಖ ನನಗೆ ತುಂಬ ಇಷ್ಟ. ಪರ್ಷಿಯಾದಲ್ಲಿ ಅನ್ಯಾಯಕ್ಕೆ ಒಳಗಾದೋನು ಮಸೀದಿ, ದರ್ಗಾ ಅಥವಾ ರಾಜನ ಲಾಯದೊಳಗೆ ಹೋಗಿ ಕೂತ್ರೆ ಅಲ್ಲಿ ಅವನನ್ನ ಯಾರೂ ಹಿಡಿಯೋ ಹಾಗಿಲ್ಲ, ಇದಕ್ಕೆ ಬಸ್ತ್ ಅಂತಾರೆ. ಟೆಲಿಗ್ರಾಫ್ ಬಂದ ಮೇಲೆ ಜನ ಟೆಲಿಗ್ರಾಫ್ ಆಫೀಸಿಗೆ ಬಂದು ಬಸ್ತ್ ಕೂರೋಕೆ ಶುರು ಮಾಡಿದ್ರು, ತಂತಿಯ ಆ ತುದಿ ಟೆಹರಾನ್‌ನಲ್ಲಿ ಷಾ ಸಿಂಹಾಸನದ ಬುಡಕ್ಕೇ ಕಟ್ಟಿದೆ ಅಂತ ನಂಬಿಕೆ ಇತ್ತಂತೆ. ಯುರೋಪಿನವರು ಇದನ್ನ ನಗ್ತಾ ಬರೆದಿದಾರೆ, ನನಗೇನೋ ಅದು ಅಷ್ಟು ತಪ್ಪು ತಿಳುವಳಿಕೆ ಅನ್ಸಲ್ಲ, ಗವರ್ನರನ ಮೇಲಿನ ದೂರು ಗವರ್ನರ್ ಕೈಗೆ ಸಿಗದೇ ಸೀದಾ ರಾಜಧಾನಿಗೆ ಹೋಗೋ ದಾರಿ ಅದೊಂದೇ ಇತ್ತು. ಷಾ ಕೂಡ ಗವರ್ನರನ್ನ ಆಫೀಸಿಗೆ ಕರೆಸಿ ತಂತಿಯಲ್ಲೇ ಬಯ್ತಿದ್ದ. 1891ರಲ್ಲಿ ತಂಬಾಕು ಗುತ್ತಿಗೆ ವಿರುದ್ಧ ಧರ್ಮಗುರುಗಳ ಫತ್ವಾ ಊರೂರಿಗೆ ಹಬ್ಬಿದ್ದೂ ತಂತಿ ಮೇಲೇನೇ, ಮಾರನೇ ವರ್ಷ ಷಾ ಗುತ್ತಿಗೆ ರದ್ದು ಮಾಡ್ಬೇಕಾಯ್ತು.

ಯಾಜ್ದ್, ಕೆರ್ಮಾನ್ ಮೇಲೆ ನೇರವಾಗಿ ಬಲೂಚಿಸ್ತಾನಕ್ಕೆ ಯಾಕೆ ಹೋಗಲಿಲ್ಲ ಅಂತ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ, ಮ್ಯಾಪ್ ನೋಡಿದ್ರೆ ಅದೇ ಹತ್ತಿರ. 1860ರ ದಶಕದಲ್ಲಿ ಆಗಲಿಲ್ಲ, ಆ ದಾರಿಗೆ ಒಪ್ಪಂದ ಆಗಿದ್ದು 1901ರಲ್ಲಿ, ಕಾಷಾನ್‌ನಿಂದ ಯಾಜ್ದ್, ಕೆರ್ಮಾನ್ ಮೇಲೆ ಗಡಿವರೆಗೆ. ನಲವತ್ತು ವರ್ಷ ಯಾಕೆ ಕಾಯ್ಬೇಕಾಯ್ತು ಅನ್ನೋದಕ್ಕೆ ಆ ಕಡೆಯ ಗಡಿ ಏನಾಯ್ತು ಅಂತ ನೋಡ್ಬೇಕು.

1868ರಲ್ಲಿ ಪರ್ಷಿಯಾ ಜೊತೆ ಇನ್ನೊಂದು ಒಪ್ಪಂದ, ಗ್ವಾದರ್‌ನಿಂದ ಜಾಸ್ಕ್‌ವರೆಗೂ ನೆಲದ ಮೇಲೆ ಕಂಬ ನೆಡೋಕೆ, ಷಾ ಸರ್ಕಾರಕ್ಕೆ ವರ್ಷಕ್ಕೆ 3000 ತೊಮಾನ್ (ಪರ್ಷಿಯಾದ ನಾಣ್ಯ). ಅದಲ್ಲದೇ ಸ್ಥಳೀಯ ಸರದಾರರಿಗೆ ಬೇರೆ. ಅಂದ್ರೆ ಯಾರದ್ದು ಅಂತ ತೀರ್ಮಾನ ಆಗದ ಕಡೆ ಇಬ್ಬರಿಗೂ ಕೊಟ್ಟುಬಿಡೋದು! ಆದ್ರೆ ಹೀಗೆ ಕೊಟ್ರೆ ಅದೇ ದಾಖಲೆ ಆಗತ್ತೆ, ದುಡ್ಡು ತಗೊಂಡಿದೀನಿ ಅಂದ್ಮೇಲೆ ನೆಲ ನಂದೇ ಅಂತ ಷಾ ಕಡೆಯವರು ಅಂತಾರೆ, ಇತ್ತ ಕಲಾತ್ ಖಾನ್ ಗಾಬರಿ. ಕೊನೆಗೆ ಗಡಿ ಎಳೆದೇ ಬಿಡೋಣ ಅಂತ ಕಮಿಷನ್ ಆಯ್ತು, 1870-71. ಅದರ ಮುಖ್ಯಸ್ಥ ಯಾರು? ಇನ್ಯಾರು, ಗೋಲ್ಡ್‌ಸ್ಮಿಡ್. ಹತ್ತು ವರ್ಷದ ಹಿಂದೆ ಕಂಬ ಎಲ್ಲಿ ನೆಡೋದು ಅಂತ ಬಾವಿ ಎಣಿಸ್ಕೊಂಡು ಬಂದವನೇ ಈಗ ಗ್ವಾತರ್ (ಗ್ವಾದರ್ ಅಲ್ಲ, ಬೇರೆ ಜಾಗ) ಕೊಲ್ಲಿಯಿಂದ ಉತ್ತರಕ್ಕೆ ಕುಹಕ್ ಹತ್ತಿರದವರೆಗೆ ಪರ್ಷಿಯಾ ಮತ್ತು ಕಲಾತ್ ಮಧ್ಯೆ ಗೆರೆ ಎಳೆದ. ಕುಹಕ್ ಊರನ್ನ ಅವನು ಕಲಾತ್ ಕಡೆ ಬಿಟ್ಟ, ಷಾ ಒಪ್ಪಲಿಲ್ಲ, ಸ್ವಲ್ಪ ವರ್ಷದಲ್ಲೇ ಪರ್ಷಿಯನ್ನರು ಬಂದು ಹಿಡ್ಕೊಂಡ್ರು. 1896ರಲ್ಲಿ ಹೋಲ್ಡಿಚ್ ಅನ್ನೋ ಬ್ರಿಟಿಷ್ ಸರ್ವೆ ಅಧಿಕಾರಿ ಬಂದು ಗಡಿ ಗುರುತು ಹಾಕೋವಾಗ ಅದು ಪರ್ಷಿಯಾಗೇ ಹೋಯ್ತು. ಚಾಬಹಾರನ್ನ 1872ರಲ್ಲೇ ಮಸ್ಕತ್ ಕೈಯಿಂದ ಪರ್ಷಿಯಾ ಕಿತ್ಕೊಂಡಿತ್ತು.

ಇವತ್ತಿಗೂ ಇರಾನ್ ಪಾಕಿಸ್ತಾನ ಗಡಿಯ ದಕ್ಷಿಣ ಭಾಗ ಹೆಚ್ಚುಕಮ್ಮಿ ಅದೇ. ಎರಡೂ ಕಡೆ ಬಲೂಚಿ ಮಾತಾಡೋ ಜನ, ಎಷ್ಟೋ ಕಡೆ ಒಂದೇ ಕುಲದವರು. ಗಡಿಗೆ ಬೇರೆ ಕಾರಣನೂ ಇದ್ವು, ರಷ್ಯಾ ಭಯ, ಕಲಾತ್ ರಾಜಕೀಯ, ಟೆಲಿಗ್ರಾಫ್ ಒಂದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಮೊದಲು ಆ ಪ್ರಶ್ನೆನ ಊರೂರಿಗೆ ಹೋಗಿ ಬರಹದಲ್ಲಿ ಕೇಳಿದ್ದು ಟೆಲಿಗ್ರಾಫ್ ಸರ್ವೆ.

ಇನ್ನುಳಿದ ಪ್ರಶ್ನೆಗಳು. ದುಡ್ಡು ಕೊಟ್ಟ ಮೇಲೆ ಗಲಾಟೆ ಆಗಲಿಲ್ವಾ ಅಂತ ಕೇಳಿದ್ರು. ಆಯ್ತು. ದೊಡ್ಡದು ಅಂದ್ರೆ 1897ರ ಡಿಸೆಂಬರ್‌ನಲ್ಲಿ, ಗ್ರೇವ್ಸ್ ಅನ್ನೋ ಟೆಲಿಗ್ರಾಫ್ ಸೂಪರಿಂಟೆಂಡೆಂಟ್ ಲೈನ್ ತಪಾಸಣೆಗೆ ಹೋದಾಗ ಪರ್ಷಿಯನ್ ಮಕ್ರಾನ್‌ನಲ್ಲಿ ರಾಪ್ಚ್ ನದಿ ಹತ್ತಿರ ರಾತ್ರಿ ಟೆಂಟಲ್ಲೇ ಕೊಂದ್ರು. ಆಮೇಲೆ ಇಂಡಿಯಾದಿಂದ ಸಿಪಾಯಿಗಳನ್ನ ತಂದು ಜಾಸ್ಕ್, ಚಾಬಹಾರ್‌ನಲ್ಲಿ ಇಟ್ರು.

ಮೆಸೇಜ್‌ಗೆ ಎಷ್ಟು ಚಾರ್ಜ್ ಅಂತ ಇನ್ನೊಬ್ಬರು. ಶುರುವಲ್ಲಿ 20 ಪದಕ್ಕೆ 5 ಪೌಂಡ್. ಬಡವರ ಸಾವು ನೋವಿನ ತಾರು ಅಲ್ಲ ಇದು, ಸರ್ಕಾರ ಮತ್ತು ವ್ಯಾಪಾರಿಗಳದ್ದು, ಅದರಲ್ಲೂ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು, ಆ ಹತ್ತಿ ಸಾಗಿಸೋಕೇ ಕಾರವಾರ ಬಂದರು ಕೆಲಸ ಶುರುವಾಗಿದ್ದು. ಈ ಲೈನ್ ತೆರೆದಿದ್ದು 1865ರ ಶುರು, ಯುದ್ಧ ಮುಗಿದಿದ್ದು ಅದೇ ಏಪ್ರಿಲ್, ಬಾಂಬೆ ಹತ್ತಿ ಮಾರ್ಕೆಟ್ ಕುಸಿದು ಬ್ಯಾಂಕುಗಳು ಮುಳುಗಿದ್ವು. ಆದ್ರೆ ತಂತಿ ಇದ್ದ ಮಾತ್ರಕ್ಕೆ ಬೇಗ ಬರ್ತಿತ್ತು ಅಂತಲ್ಲ, ತುರ್ಕಿ ಲೈನಲ್ಲಿ ಇಂಗ್ಲಿಷ್ ಬರದ ಗುಮಾಸ್ತರು ಅಕ್ಷರ ಅಕ್ಷರ ನೋಡಿ ಒತ್ತಬೇಕು, ಲಂಡನ್‌ನಿಂದ ಬಾಂಬೆಗೆ ದಿನಗಟ್ಟಲೆ ಆಗ್ತಿತ್ತು, ಬಂದದ್ದೂ ಅರ್ಥ ಆಗ್ತಿರಲಿಲ್ಲ. ದೂರು ಎಷ್ಟಾಯ್ತು ಅಂದ್ರೆ 1866ರಲ್ಲಿ ಪಾರ್ಲಿಮೆಂಟ್ ಸಮಿತಿನೇ ಕೂತು ವಿಚಾರಣೆ ಮಾಡ್ತು. ಸೀಮೆನ್ಸ್‌ನವರು ಬರ್ಲಿನ್, ಒಡೆಸ್ಸಾ, ಟಿಫ್ಲಿಸ್ ಮೇಲೆ ಟೆಹರಾನ್‌ಗೆ ತಮ್ಮದೇ ಲೈನ್ ತಂದು 1870ರ ಏಪ್ರಿಲ್‌ನಲ್ಲಿ ಲಂಡನ್‌ನಿಂದ ಕಲ್ಕತ್ತಾಗೆ 28 ನಿಮಿಷದಲ್ಲಿ ಕಳಿಸಿ ತೋರಿಸಿದ್ರು. ಅದೇ ವರ್ಷ ಸುಯೆಜ್ ಏಡನ್ ಮೇಲೆ ಬಾಂಬೆಗೆ ಹೊಸ ಸಮುದ್ರ ಕೇಬಲ್ಲೂ ಬಂತು, ಈ ಸಲ ಸರಿಯಾಗೇ.

ಆಸ್ಟ್ರೇಲಿಯಾದ ಮರುಭೂಮಿ ಲೈನ್ ಬಗ್ಗೆ ಒಬ್ಬ ಹುಡುಗ ಕೇಳಿದ. 1872ರಲ್ಲಿ ಮುಗಿದದ್ದು, ಚಾರ್ಲ್ಸ್ ಟಾಡ್ ಮಾಡಿಸಿದ್ದು, ಸುಮಾರು 3200 ಕಿಲೋಮೀಟರ್, 36,000 ಕಂಬ. ಅಲ್ಲಿ ಉಲ್ಟಾ. ಲೈನಿಗೆ ಮುಂಚೆ ಯುರೋಪಿನವರ ಕಣ್ಣಿಗೆ ಊರು ಅಂತ ಕಾಣೋದು ಏನೂ ಇರಲಿಲ್ಲ, ನೀರಿದ್ದ ಕಡೆ ಸ್ಟೇಷನ್ ಕಟ್ಟಿದ್ರು, ಸ್ಟೇಷನ್ ಸುತ್ತ ಊರು ಬೆಳೀತು, ಆಲಿಸ್ ಸ್ಪ್ರಿಂಗ್ಸ್ ಹೆಸರು ಟಾಡ್ ಹೆಂಡತಿದು. ಆ ನೀರು ಅರೆರ್ನ್ಟೆ ಜನರದ್ದು, ಅವರ ಜೊತೆ ಮಕ್ರಾನ್ ಥರ ಯಾರೂ ಕರಾರು ಮಾಡ್ಕೊಳಕ್ಕೆ ಹೋಗಲಿಲ್ಲ. ಜಾಮ್‌ಗೆ ಕುದುರೆ, ಬಂದೂಕು, ದಫ್ತರ ಇತ್ತು, ಅವನನ್ನ ಕೇಳ್ಬೇಕಾಯ್ತು.

ಗ್ವಾದರ್ ಕೊನೆಗೆ ಯಾರದ್ದಾಯ್ತು ಅಂತ ಕೇಳಿದ್ದು ಕೊನೇ ಪ್ರಶ್ನೆ. 1947ರಲ್ಲೂ ಅದು ಒಮಾನ್ ಕೈಲೇ ಇತ್ತು. ಪಾಕಿಸ್ತಾನ 1958ರಲ್ಲಿ ಸುಮಾರು 30 ಲಕ್ಷ ಪೌಂಡ್ ಕೊಟ್ಟು ಸುಲ್ತಾನನ ಹತ್ರ ಕೊಂಡ್ಕೊಂಡಿತು. ಈ ಲೈನ್ ನೋಡ್ಕೊಳ್ತಿದ್ದ ಬ್ರಿಟಿಷರ ಟೆಲಿಗ್ರಾಫ್ ಇಲಾಖೆ ಅಷ್ಟೊತ್ತಿಗೆ ಮುಚ್ಚಿ ಕಾಲು ಶತಮಾನ ಕಳೆದಿತ್ತು.